ಅಲಗಿಗೆ ಹಿಡಿಸಿದ ಮೇಣ

"ಅಮ್ಮಾ, ಎಲ್ಮಾ ಮುಮ್ಮು ಟ್ರಕ್ಕಿಗೆ ಯಾಕೆ ಹಂದಿ ಕೊಬ್ಬು ತಿನ್ನಿಸ್ತಿದಾಳೆ?"

ಐದು ವರ್ಷದ ಇಲೋನಾ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಕೇಳಿದಳು. ಕೈಸಾ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಬಂದು ನೋಡಿದಳು. ಎದುರು ಮನೆಯ ಅಂಗಳದಲ್ಲಿ, ಮಗು ಮುಮ್ಮು, ಅಂದರೆ ಅಜ್ಜಿ, ಎಂದು ಕರೆಯುವ ಎಲ್ಮಾ ರೈಸನೆನ್ ಮಂಡಿಯೂರಿ ಕೂತಿದ್ದಳು. ಅವಳ ಹಳೇ ಟ್ರಕ್ಕಿನ ಮುಂಭಾಗಕ್ಕೆ ಹಿಮ ತಳ್ಳುವ ಉಕ್ಕಿನ ದೊಡ್ಡ ಅಲಗೊಂದನ್ನು ಕಟ್ಟಿತ್ತು. ಬಾಣಲೆಯಿಂದ ಬೆರಳಲ್ಲಿ ತೆಗೆತೆಗೆದು ಬೆಳ್ಳನೆಯ ಜಿಡ್ಡನ್ನು ಅವಳು ಆ ಅಲಗಿಗೆ ಬಳಿಯುತ್ತಿದ್ದಳು. ಮಗು ಹೇಳಿದ್ದು ನಿಜ, ಬೆಳಗಿನ ತಿಂಡಿಗೆ ಹುರಿದ ಹಂದಿಮಾಂಸದ ಕೊಬ್ಬು. ಆಚೆ ಬದಿಯಲ್ಲಿ ಯಾರದೋ ನಾಯಿ ಅವಳು ಬಳಿದದ್ದನ್ನು ಬಳಿದ ಹಾಗೇ ನೆಕ್ಕಿಕೊಂಡು ಬರುತ್ತಿತ್ತು. ಎಲ್ಮಾಳಿಗೆ ಅದು ಕಂಡಿರಲಿಲ್ಲ.

"ತಿನ್ನಿಸ್ತಿಲ್ಲ ಕಂದಾ, ಸವರ್ತಿದಾಳೆ. ಹಿಮ ಅಂಟಬಾರದು ಅಂತ. ನಾನು ಬಾಣಲೆಗೆ ಬೆಣ್ಣೆ ಸವರಲ್ವಾ, ಹಾಗೆ."

"ಹಾಗಾದ್ರೆ ಟ್ರಕ್ಕು ಒಳ್ಳೇದು. ಮುಮ್ಮು ಮಾತ್ರ ಕೆಟ್ಟೋಳಾ?"

"ಯಾರು ಹೇಳಿದ್ದು ನಿಂಗೆ?"

"ಹಿಲ್ಯಾ ಮುಮ್ಮು."

ಹಿಲ್ಯಾ ಅಂದರೆ ಕೈಸಾಳ ಅತ್ತೆ. ಅತ್ತೆಯ ಮಾತನ್ನು ಮಗುವಿನ ಮುಂದೆ ಅಲ್ಲಗಳೆಯುವುದು ಹೇಗೆ? ಒಪ್ಪಿಕೊಳ್ಳುವುದಾದರೂ ಹೇಗೆ? ಕೈಸಾ ವಾಪಸು ಹೋಗಿ ಹಿಟ್ಟು ನಾದಿದಳು.

ಪೆಲ್ಟೊ ಗುಡ್ಡದಲ್ಲಿ ಎಲ್ಮಾಳನ್ನು ಒಳ್ಳೆಯವಳು ಅಂದವರಿರಲಿಲ್ಲ. ಎಲ್ಮಾ ಯಾರನ್ನಾದರೂ ಒಳ್ಳೆಯವರು ಅಂದದ್ದನ್ನೂ ಯಾರೂ ಕೇಳಿರಲಿಲ್ಲ. ಅಲ್ಲಿಗಲ್ಲಿಗೆ ಸರಿಹೋಗಿತ್ತು. ಸರ್ಕಾರದ ದೊಡ್ಡ ಹಿಮಯಂತ್ರ ಗುಡ್ಡದ ಬುಡಕ್ಕೆ ಬಂದು ತಿರುಗಿಕೊಂಡು ಹೋಗುತ್ತದೆ. ಅಲ್ಲಿಂದ ಮೇಲಿನ ಹನ್ನೊಂದು ಮನೆಗಳ ದಾರಿ ಆ ಮನೆಗಳವರದೇ ಪಾಡು. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ತಿರುಗಿತೆಂದರೆ ಬೆಳಗಾಗುವುದರೊಳಗೆ ಸೊಂಟದೆತ್ತರ ಬಿದ್ದಿರುತ್ತದೆ. ಮೂವತ್ತು ವರ್ಷ ಆ ದಾರಿ ತೆಗೆದವನು ಎಲ್ಮಾಳ ಗಂಡ ಉರ್ಹೊ. ನಗುಮುಖದ ಮನುಷ್ಯ. ಅವನ ಟ್ರಕ್ಕಿನ ಸದ್ದು ಕೇಳಿದರೆ ಹೆಂಗಸರು ಗೇಟಿಗೆ ಕಾಫಿಯನ್ನೂ ಏಲಕ್ಕಿ ಹಾಕಿದ ನಿಸು ಬ್ರೆಡ್ಡನ್ನೂ ಹಿಡಿದು ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಎಲ್ಮಾ ಮುಖ ಗಂಟಿಕ್ಕಿಕೊಂಡು ಕೂತಿರುತ್ತಿದ್ದಳಂತೆ, ಬ್ರೆಡ್ಡು ಮಾತ್ರ ಎರಡು ತುಂಡು ತಿನ್ನುತ್ತಿದ್ದಳಂತೆ.

ಒಂಬತ್ತು ವರ್ಷದ ಹಿಂದೆ, ನವೆಂಬರಿನಲ್ಲಿ, ಉರ್ಹೊ ಸತ್ತ. ಅವನನ್ನು ಮಣ್ಣು ಮಾಡಿದ ಮರುದಿನವೇ ಆ ವರ್ಷದ ಮೊದಲ ಹಿಮ. ಯಾರಾದರೂ ಬರಬೇಕಲ್ಲ ದಾರಿ ತೆಗೆಯಲು ಎಂದು ಜನ ಕಿಟಕಿಯಲ್ಲಿ ನಿಂತಿದ್ದಾಗ ಎಲ್ಮಾ ಸಾವಿಗೆ ತೊಟ್ಟ ಕಪ್ಪು ಕೋಟಿನಲ್ಲೇ ಟ್ರಕ್ಕು ಹತ್ತಿ ಮೇಲಿಂದ ಕೆಳಗಿನ ತನಕ ದಾರಿ ಬಿಡಿಸಿದಳು. ಕೆಳಗಿನ ತಿರುವಿನಲ್ಲಿರುವ ಹಿಲ್ಯಾಳ ಮನೆ ಮುಂದೆ ಗಾಜು ಇಳಿಸಿ ಹೇಳಿದಳಂತೆ: "ದಾರಿ ತೆಗ್ದಿದೀನಿ. ಅಳೋಕೆ ಬರೋರು ಈಗ ಬರಬಹುದು."

ಯಾರೂ ಹೋಗಲಿಲ್ಲ. ದಾರಿಯೂ ಅವಳ ಕೈಯಲ್ಲೇ ಉಳಿಯಿತು.

ಜಗಳವೆಲ್ಲ ದಿಬ್ಬದ್ದು. ಅಲಗು ಹಿಮವನ್ನು ಬದಿಗೆ ತಳ್ಳಿಕೊಂಡು ಹೋಗುವಾಗ ಪ್ರತಿ ಮನೆಯ ಗೇಟಿಗೆ ಅಡ್ಡಲಾಗಿ ಒಂದು ದಿಬ್ಬ ನಿಲ್ಲುತ್ತದೆ. ಉರ್ಹೊ ಹಿಂದೆ ಬಂದು ಅದನ್ನೂ ತೆಗೆಯುತ್ತಿದ್ದ. ಎಲ್ಮಾ ತೆಗೆಯುವುದಿಲ್ಲ. "ದಾರಿ ನಂದು, ಬಾಗಿಲು ನಿಮ್ಮದು. ಮನೇಲಿ ಸಲಿಕೆ ಇಲ್ವಾ?" ಕೈಸಾ ಮದುವೆಯಾಗಿ ಈ ಗುಡ್ಡಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಒಳ್ಳೆಯ ಮಾತಿನಲ್ಲಿ ಹೇಳಿ ನೋಡೋಣವೆಂದು ಬಿಸಿ ನಿಸು ಮಾಡಿ ಎದುರು ಮನೆಗೆ ಕೊಂಡುಹೋಗಿದ್ದಳು. ಎಲ್ಮಾ ಬಾಗಿಲಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. "ಏಲಕ್ಕಿ ಕಮ್ಮಿ," ಅಂದಳು. ತಟ್ಟೆ ಇಟ್ಟುಕೊಂಡು ಬಾಗಿಲು ಹಾಕಿಕೊಂಡಳು. ಮರುದಿನ ದಿಬ್ಬ ಅಷ್ಟೇ ಎತ್ತರ. ತಟ್ಟೆ ಮಾತ್ರ ತೊಳೆದು ಆ ದಿಬ್ಬದ ಮೇಲೆ ಇಟ್ಟಿತ್ತು.

ಆದರೂ ಕೈಸಾ ಒಂದು ಸಂಗತಿ ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಮನೆಯ ದಾರಿ ಮುಗಿಸಿ ಗುಡ್ಡದ ತುದಿಗೆ ಬಂದ ಮೇಲೆ ಎಲ್ಮಾ ಎಂಜಿನ್ ಆರಿಸಿ ಕೆಳಗಿಳಿಯುತ್ತಾಳೆ, ಟ್ರಕ್ಕನ್ನು ಬಳಸಿ ಹೋಗಿ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಹತ್ತು ನಿಮಿಷ. ಫ್ಲಾಸ್ಕಿನ ಕಾಫಿ ಕುಡಿಯುತ್ತಾಳೆ. ಆಮೇಲೆ ಮತ್ತೆ ಬಳಸಿ ಬಂದು ಸ್ಟೀರಿಂಗ್ ಹಿಡಿದು ಮನೆಗೆ ಹೋಗುತ್ತಾಳೆ. ಆ ದಾರಿಯನ್ನು ಅವಳ ಕೈಯಿಂದ ಕಿತ್ತುಕೊಂಡರೆ ಏನೇನು ಹೋಗುತ್ತದೆ ಎಂಬುದು ಆ ಹತ್ತು ನಿಮಿಷ ನೋಡಿದವರಿಗೆ ಗೊತ್ತು.

ಹಸಿ ಹಿಮ ಉಕ್ಕಿಗೆ ಅಂಟುತ್ತದೆ. ಅಂಟಿತೆಂದರೆ ಬದಿಗೆ ಉರುಳುವುದಿಲ್ಲ. ಅಲಗಿನ ಮುಂದೆಯೇ ಗೋಡೆಯಾಗಿ ಏಳುತ್ತದೆ. ಟ್ರಕ್ಕು ಆ ಗೋಡೆಯನ್ನು ಹೊತ್ತುಕೊಂಡು ತೆವಳಬೇಕು. ಅದಕ್ಕೇ ಎಲ್ಮಾ ಟ್ರಕ್ಕನ್ನು ಕೊಟ್ಟಿಗೆಯೊಳಗೆ ಬೆಚ್ಚಗೆ ನಿಲ್ಲಿಸುವುದಿಲ್ಲ. ಅಲಗು ಹಿಮದಷ್ಟೇ ತಣ್ಣಗಿರಬೇಕು, ಬೆಚ್ಚಗಿದ್ದರೆ ಮೊದಲ ಹಿಮ ಕರಗಿ ಮರುಗಳಿಗೆ ಹೆಪ್ಪುಗಟ್ಟಿ ಕೂರುತ್ತದೆ. ಇನ್ನೊಂದು ಉಪಾಯ ಉರ್ಹೊ ಹೇಳಿಕೊಟ್ಟದ್ದು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಊರವರೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮ ತಮ್ಮವರ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ಹಬ್ಬ ಕಳೆದ ಮೇಲೆ ಹಿಮದಲ್ಲಿ ಉಳಿದ ತುಂಡುಗಳನ್ನು ಉರ್ಹೊ ಚೀಲದಲ್ಲಿ ಆರಿಸಿ ತರುತ್ತಿದ್ದ. ಸೌನಾದ, ಅಂದರೆ ಅಂಗಳದ ಹಬೆಸ್ನಾನದ ಮನೆಯ, ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿ, ಮೇಣವನ್ನು ಅಲಗಿನ ಮೈಗೆ ಉಜ್ಜಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಮಾಡುವ ಹಾಗೇ ಇಸ್ತ್ರಿ ಹಾಕಿ ಇಳಿಸುತ್ತಿದ್ದ. ಅದರ ಮೇಲೆ ಹಿಮ ನಿಲ್ಲುವುದೇ ಇಲ್ಲ.

ಉರ್ಹೊ ಆರಿಸಿದಾಗ ಅದು ಮಿತವ್ಯಯ. ಎಲ್ಮಾ ಆರಿಸಿದಾಗ ಕಳ್ಳತನ. ಕಳೆದ ವರ್ಷ ಹಿಲ್ಯಾ ತನ್ನ ಗಂಡನ ಸಮಾಧಿಗೆ ಮಾಲೆ ಇಡಲು ಹೋದವಳು ಎಲ್ಮಾಳನ್ನು ಚೀಲದ ಸಮೇತ ಹಿಡಿದಳು.

"ನನ್ನ ಗಂಡನ ದೀಪ! ನಿನ್ನ ಟ್ರಕ್ಕಿನ ಮೂತಿಗೆ!"

"ಬದುಕಿದ್ದಾಗ ಒಂದು ದಿನ ಸಲಿಕೆ ಮುಟ್ಟಿದೋನಲ್ಲ. ಸತ್ತ ಮೇಲಾದ್ರೂ ನಾಲ್ಕು ಜನಕ್ಕೆ ದಾರಿ ತೆಗೀಲಿ ಬಿಡು," ಅಂದಳು ಎಲ್ಮಾ.

ಹಿಲ್ಯಾ ಅದನ್ನು ಮರೆಯಲಿಲ್ಲ. ಚರ್ಚಿನ ಹೆಂಗಸರ ಸಂಘಕ್ಕೆ ಅವಳೇ ಮುಖ್ಯಸ್ಥೆ. ಈ ಕ್ರಿಸ್ಮಸ್ಸಿಗೆ ಸ್ಮಶಾನದ ತುಂಬ ಬ್ಯಾಟರಿಯ ಪ್ಲಾಸ್ಟಿಕ್ ದೀಪಗಳು ಮಿನುಗಿದವು. ಎಲ್ಮಾಳಿಗೆ ಒಂದು ತುಂಡು ಮೇಣ ಸಿಗಲಿಲ್ಲ. ಪೇಟೆಯಿಂದ ಮೇಣದಬತ್ತಿ ಕೊಂಡು ತಂದು ಸೋಲೊಪ್ಪಿಕೊಳ್ಳುವ ಜಾತಿಯವಳಲ್ಲ ಅವಳು. ಅಡುಗೆಮನೆಯ ಕೊಬ್ಬಿಗೆ ಕೈಹಾಕಿದಳು. ನಾಯಿಗಳಿಗೆ ಹಬ್ಬವಾಯಿತು. ಜನವರಿಯಲ್ಲಿ ಟ್ರಕ್ಕು ಎರಡು ಸಲ ಗುಡ್ಡದ ಮಧ್ಯೆ ಸಿಕ್ಕಿಬಿತ್ತು. ಹಿಲ್ಯಾ ಮನೆಮನೆಗೆ ಹೋಗಿ ಬಂದಳು. ಪೇಟೆಯ ಒಬ್ಬ ಗುತ್ತಿಗೆದಾರನಿಗೆ ಪ್ಲಾಸ್ಟಿಕ್ ಮೈಯ ಅಗಲದ ಅಲಗಿದೆಯಂತೆ, ಕರೆದರೆ ಬರುತ್ತಾನಂತೆ. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ, ಗುಡ್ಡದವರೆಲ್ಲ ಸೇರಿ ತೀರ್ಮಾನ ಮಾಡುವುದೆಂದಾಯಿತು.

ಕೈಸಾಳ ಗಂಡ ಎರೊ ಮರ ಕಡಿಯುವ ಶಿಬಿರದಿಂದ ವಾರಕ್ಕೊಮ್ಮೆ ಬರುವವನು. ಇದರಲ್ಲಿ ತಲೆಹಾಕಬೇಡ ಅಂದಿದ್ದ. ಕೈಸಾ ತಲೆಹಾಕಲಿಲ್ಲ, ತಮ್ಮ ಸೌನಾದ ಹೊರಕೋಣೆಯ ಅಟ್ಟಕ್ಕೆ ಕೈ ಹಾಕಿದಳು. ಅಲ್ಲಿ ಮಾವನ ಹಳೇ ಸ್ಕೀ ಸಾಮಾನಿನ ಪೆಟ್ಟಿಗೆ ಇತ್ತು. ಅದರಲ್ಲಿ ಒಂದು ತಗಡಿನ ಡಬ್ಬಿ, ಹಿರಿಯರು ಬಿಟ್ಟುಬಂದ ಹಳೇ ದೇಶದಿಂದ ತರಿಸಿದ್ದು, ಒಳಗೆ ತುಂಬ ಮೇಣ. ಮುಚ್ಚಳದ ಬಣ್ಣ ಸವೆದಿತ್ತು, ಒಂದೇ ಪದ ಉಳಿದಿತ್ತು: ಪಿತೊ. ಫಿನ್ನಿಶ್ ಮಾತು ಕೈಸಾಳಿಗೆ ಅಡುಗೆಮನೆಯಷ್ಟು ಗೊತ್ತು, ಪುಸ್ತಕದಷ್ಟು ಗೊತ್ತಿಲ್ಲ. ಆದರೆ ಈ ಪದದ ಬೇರು ಅವಳಿಗೆ ಚೆನ್ನಾಗಿ ಗೊತ್ತು ಅನ್ನಿಸಿತು. ಅವಳ ಅಜ್ಜಿ ಮಲಗಿಸುವಾಗ ಕಿವಿಯಲ್ಲಿ ಹೇಳುತ್ತಿದ್ದ ಪದ ಅದು. ಹಿಡಿಸೋದು, ಇಷ್ಟವಾಗೋದು. ಎಲ್ಲರಿಗೂ ಹಿಡಿಸುವ ಮೇಣ, ಒಳ್ಳೇ ಮೇಣವೇ ಇರಬೇಕು.

ಗುರುವಾರ ಮಧ್ಯಾಹ್ನ ಡಬ್ಬಿ ಹಿಡಿದು ಎದುರು ಮನೆಗೆ ಹೋದಳು.

ಎಲ್ಮಾ ಬಾಗಿಲನ್ನು ಒಂದು ಗೇಣು ತೆರೆದಳು. "ಮತ್ತೆ ಬ್ರೆಡ್ಡಾ?"

"ಅಲ್ಲ. ಮೇಣ. ಸ್ಕೀಗೆ ಹಚ್ಚೋದು. ಮಾವಂದು, ಸುಮ್ನೆ ಬಿದ್ದಿತ್ತು."

ಎಲ್ಮಾ ಡಬ್ಬಿ ಇಸಿದುಕೊಂಡು ತಿರುಗಿಸಿದಳು. ಮುಚ್ಚಳ ತೆಗೆದು ಮೂಸಿದಳು. "ಹಿಲ್ಯಾಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ತಗೋತೀನಿ."

ಬಾಗಿಲು ಹಾಕಿಕೊಂಡಿತು. ಅಷ್ಟು ಸಲೀಸಾಗಿ ಆದದ್ದಕ್ಕೆ ಕೈಸಾ ದಾರಿಯುದ್ದಕ್ಕೂ ನಕ್ಕಳು.

ಶುಕ್ರವಾರ ಬೆಳಗ್ಗೆ ಹಿಮ ನಿಂತು ಬೆಳಕು ಹರಿಯಿತು. ಹಸಿ ಹಿಮ, ಹಿಂಡಿದರೆ ನೀರು ಬರುವಂಥದ್ದು. ಎಲ್ಮಾ ಹಿಂದಿನ ದಿನವೇ ಇಸ್ತ್ರಿ ಹಾಕಿದ್ದಳು. ಅಲಗಿನ ಮೈ ದೂರಕ್ಕೂ ಮಿರುಗುತ್ತಿತ್ತು. ಕೈಸಾ ಮಗಳನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಟ್ರಕ್ಕು ಇಳಿಜಾರಿಗೆ ಇಳಿಯಿತು, ಅಲಗು ಹಿಮಕ್ಕೆ ತಾಕಿತು.

ಹಿಮ ಉರುಳಲಿಲ್ಲ. ಉಕ್ಕನ್ನು ಅಪ್ಪಿಕೊಂಡಿತು. ಅದರ ಮೇಲೆ ಇನ್ನಷ್ಟು, ಅದರ ಮೇಲೆ ಇನ್ನಷ್ಟು, ಕೈಗಂಟಿದ ಹಿಟ್ಟಿನ ಹಾಗೆ. ಎರಡನೇ ಮನೆ ದಾಟುವಷ್ಟರಲ್ಲಿ ಅಲಗೇ ಕಾಣದಷ್ಟು, ನಾಲ್ಕನೇ ಮನೆ ದಾಟುವಷ್ಟರಲ್ಲಿ ಟ್ರಕ್ಕಿನ ಮುಂಗಾಜಿನಷ್ಟು ಎತ್ತರ. ಎಲ್ಮಾ ನಿಲ್ಲಿಸಲು ನೋಡಿದಳು. ಇಳಿಜಾರಿನಲ್ಲಿ ಅಷ್ಟು ಭಾರ ನಿಲ್ಲುತ್ತದೆಯೇ? ಕೆಳಗಿನ ತಿರುವಿನಲ್ಲಿ ಟ್ರಕ್ಕು ತಿರುಗಲಿಲ್ಲ. ಬಿಳೀ ಗುಡ್ಡವೊಂದನ್ನು ತಲೆಯಲ್ಲಿ ಹೊತ್ತುಕೊಂಡು ನೇರವಾಗಿ ಹೋಗಿ ಹಿಲ್ಯಾಳ ಸೌನಾದ ಜಗಲಿಗೆ ಗುದ್ದಿತು. ಹಲಗೆಗಳು ಲಟಲಟ ಮುರಿದವು. ಶನಿವಾರದ ಸ್ನಾನಕ್ಕೆ ಒಟ್ಟಿದ್ದ ಸೌದೆ ದಾರಿಯುದ್ದಕ್ಕೂ ಉರುಳಿತು.

ಕೈಸಾ ಕೋಟು ಹಾಕಿಕೊಂಡು ಓಡಿ ತಲುಪುವಾಗ ಹಿಲ್ಯಾ ಗೌನಿನ ಮೇಲೆ ಶಾಲು ಹೊದ್ದು ಅಂಗಳದಲ್ಲಿ ನಿಂತಿದ್ದಳು.

"ಮೂವತ್ತು ವರ್ಷದ ಜಗಲಿ! ನಮ್ಮೆಜಮಾನ್ರು ಕೈಯಾರ ಕಟ್ಟಿದ್ದು!"

"ಗೊತ್ತಾಗುತ್ತೆ," ಎಂದಳು ಎಲ್ಮಾ ಇಳಿದು ಹಲಗೆ ನೋಡಿ. "ಮೊಳೆ ಸೊಟ್ಟ ಹೊಡೆದಿದಾರೆ."

"ನಾಚಿಕೆ ಇಲ್ಲ, ಮರ್ಯಾದೆ ಇಲ್ಲ. ಕಣ್ಣಾದ್ರೂ ಕಾಣಲ್ವೇನೇ ನಿನಗೆ?"

ಎಲ್ಲದಕ್ಕೂ ಬಾಯಲ್ಲೇ ಉತ್ತರ ಇಟ್ಟುಕೊಂಡಿರುವ ಎಲ್ಮಾ ಆ ಒಂದು ಮಾತಿಗೆ ಮಾತ್ರ ಬೆನ್ನು ತಿರುಗಿಸಿದಳು. ಟ್ರಕ್ಕು ಹತ್ತಿ ಹಿಂದಕ್ಕೆ ತೆಗೆದಳು. "ಭಾನುವಾರ ಬಾ, ಹೇಳ್ತೀನಿ," ಎಂದು ಹಿಲ್ಯಾ ಹಿಂದಿನಿಂದ ಕೂಗಿದಳು.

ಶನಿವಾರ ಹತ್ತು ಗಂಟೆಗೆ ಎಲ್ಮಾ ಕೈಸಾಳ ಮನೆಗೆ ಬಂದಳು. ಆರು ವರ್ಷದಲ್ಲಿ ಅದೇ ಮೊದಲು. ಇಲೋನಾ ಹೊರಗೆ ಹಿಮದಲ್ಲಿ ಆಡುತ್ತಿದ್ದಳು. ಎಲ್ಮಾ ಬೂಟು ಬಿಚ್ಚಲಿಲ್ಲ, ಕೂರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಹಿಲ್ಯಾ ಕಳಿಸಿದ್ಲಾ ಇದನ್ನ?"

"ಅಯ್ಯೋ, ಇಲ್ಲ. ನಾನೇ ತಂದಿದ್ದು."

"ಆಣೆ ಮಾಡು."

"ಇಲೋನಾ ಮೇಲಾಣೆ."

"ಮಗು ಮೇಲೆ ಯಾಕೆ ಮಾಡ್ತೀ ಪೆದ್ದಿ. ಹೋಗ್ಲಿ. ಓದು, ಏನು ಬರೆದಿದೆ?"

"ಪಿತೊ."

"ಹಾಗಂದ್ರೆ?"

"ಹಿಡಿಸೋದು ಅಂತ ಅಲ್ವಾ? ನಮ್ಮಜ್ಜಿ ಹೇಳ್ತಿದ್ರು, ಪಿದಾನ್ ಸಿನುಸ್ತಾ. ನೀನು ನಂಗೆ ಹಿಡಿಸ್ತೀಯ ಅಂತ."

ಎಲ್ಮಾಳ ಗಂಟಲಿಂದ ಒಂದು ಸದ್ದು ಬಂತು, ನಗುವೋ ಕೆಮ್ಮೋ ಹೇಳುವುದು ಕಷ್ಟ. "ನಿಮ್ಮಜ್ಜಿ ತೊಟ್ಟಿಲು ತೂಗಿದ್ಲು. ಸ್ಕೀ ಕಟ್ಕೊಂಡು ಗುಡ್ಡ ಹತ್ತಲಿಲ್ಲ. ಪಿತೊ ಅಂದ್ರೆ ಹಿಡಿಯೋದು ಕಣೇ! ಹತ್ತೋವಾಗ ಹಿಂದಕ್ಕೆ ಜಾರಬಾರ್ದು ಅಂತ ಹಲಗೆ ಹೊಟ್ಟೆಗೆ ಹಚ್ತಾರೆ. ಹಿಮನ ಗಟ್ಟಿಯಾಗಿ ಹಿಡ್ಕೊಳ್ಳೋ ಮೇಣ. ಜಾರೋದಕ್ಕೆ ಬೇರೆ ಡಬ್ಬಿ ಇರುತ್ತೆ, ಲುಯಿಸ್ತೊ ಅಂತ. ಹಿಡಿಸ್ತು ಬಿಡು, ಹಿಮಕ್ಕೆ ನನ್ನ ಅಲಗು ಚೆನ್ನಾಗಿ ಹಿಡಿಸ್ತು. ಬಿಡಲೇ ಇಲ್ಲ!"

ಕೈಸಾ ಡಬ್ಬಿ ಎತ್ತಿ ಮುಚ್ಚಳ ನೋಡಿದಳು. ಮುಖ ಕಾದ ಒಲೆಯಾಗಿತ್ತು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು.

"ನಿಮಗೆ ಆ ಪದ ಗೊತ್ತಿತ್ತಲ್ಲ ಎಲ್ಮಾ. ಇಷ್ಟು ದಪ್ಪ ಅಕ್ಷರ ಇದೆ. ಆವತ್ತು ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ನೋಡಿದ್ರಿ..."

ಎಲ್ಮಾ ಈಗ 'ಓದು' ಅಂದದ್ದು ಪರೀಕ್ಷೆಗಲ್ಲ, ಅಕ್ಷರ ಕಾಣದೆ ಎಂದು ಕೈಸಾಳಿಗೆ ಆಗ ಅರ್ಥವಾಯಿತು. ಅಲಗಿನ ಆಚೆ ಬದಿ ನೆಕ್ಕುತ್ತಿದ್ದ ನಾಯಿಯೂ ನೆನಪಾಯಿತು. ಕಿಟಕಿಯ ಆಚೆ, ಇದೇ ಮುದುಕಿಯ ಟ್ರಕ್ಕು ಓಡಾಡುವ ದಾರಿಯ ಬದಿಯಲ್ಲಿ, ಅವಳ ಮಗು ಆಡುತ್ತಿತ್ತು.

"ನಿಮಗೆ ಕಣ್ಣು..." ಎಂದಳು. ದನಿ ಗಟ್ಟಿಯಾಯಿತು. "ನೋಡಿ ಎಲ್ಮಾ, ನನ್ನ ಮಗಳು ದಿನಾ ಅಲ್ಲೇ ಆಡ್ತಾಳೆ. ಸುಳ್ಳು ಹೇಳಬೇಡಿ. ಅವಳು ನಿಮಗೆ ಕಾಣ್ತಾಳಾ?"

ಎಲ್ಮಾ ಕಿಟಕಿಯತ್ತ ತಿರುಗಿದಳು. "ನಿನ್ನ ಮಗಳು ಎಡಗೈಗೆ ಕೆಂಪು ಗವಸು ಹಾಕಿದಾಳೆ. ಬಲಗೈಗೆ ಇಲ್ಲ, ಆ ಕೈನ ಜೇಬಲ್ಲಿ ಮುಚ್ಚಿಟ್ಕೊಂಡಿದಾಳೆ, ನೀನು ಬೈತೀಯ ಅಂತ. ಆ ಗವಸು ಕೆಳಗೆ ಮೂರನೇ ಬೇಲಿ ಕಂಬದ ಹತ್ರ ಬಿದ್ದಿದೆ."

ಕೈಸಾ ಕಣ್ಣು ಕಿರಿದು ಮಾಡಿ ನೋಡಿದಳು. ಮೂರನೇ ಕಂಬದ ಬುಡದಲ್ಲಿ ಒಂದು ಕೆಂಪು ಚುಕ್ಕೆ. ತಾಯಿಯಾದ ಅವಳಿಗೇ ಅದು ಕಂಡಿರಲಿಲ್ಲ.

"ದೂರದ್ದು ಹದ್ದಿಗೆ ಕಂಡ ಹಾಗೆ ಕಾಣುತ್ತೆ," ಎಂದಳು ಎಲ್ಮಾ. "ಕೈಯಳತೆದು ಕಾಣಲ್ಲ. ಅಕ್ಷರ, ಸೂಜಿ ಕಣ್ಣು, ಉರ್ಹೋದು ಫೋಟೊ. ಎರಡು ವರ್ಷ ಆಯ್ತು."

"ಕನ್ನಡಕ ಹಾಕ್ಕೋಬಹುದಲ್ವಾ?"

"ಹಾಕ್ಕೊಂಡು ಕೆಳಗಿಳಿದ್ರೆ ನಿಮ್ಮತ್ತೆ ಭಾನುವಾರದ ಕಾಫಿಗೆ ಅದನ್ನೇ ನೆಂಚ್ಕೋತಾಳೆ. ಎಲ್ಮಾಗೆ ಕಣ್ಣು ಹೋಯ್ತು, ಇನ್ನು ಟ್ರಕ್ಕು ಯಾಕೆ ಅಂತಾಳೆ. ದೂರ ಹತ್ರ ಅಂತ ವಿಂಗಡಿಸಿ ಕೇಳೋರು ಯಾರಿದಾರೆ ಇಲ್ಲಿ?"

ಕೈಸಾ ಹೋಗಿ ಕಪಾಟು ತೆರೆದಳು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಹಚ್ಚಿದ ನಾಲ್ಕು ಮೇಣದಬತ್ತಿಗಳ ತುಂಡು ಅಲ್ಲಿದ್ದವು, ಒಂದಕ್ಕಿಂತ ಒಂದು ಗಿಡ್ಡ. ಅವನ್ನೂ ಟರ್ಪೆಂಟೈನಿನ ಬಾಟಲಿಯನ್ನೂ ಹಳೇ ಬಟ್ಟೆಯನ್ನೂ ಬುಟ್ಟಿಗೆ ಹಾಕಿಕೊಂಡು, ಮಗಳಿಗೆ ಗವಸು ತೊಡಿಸಿ, ಎಲ್ಮಾಳ ಅಂಗಳಕ್ಕೆ ಹೋದಳು.

ಹಿಡಿಯುವ ಮೇಣ ಬಿಡಿಸುವುದು ಸುಲಭವಲ್ಲ. ಎಲ್ಮಾ ಬಿಸಿ ಇಸ್ತ್ರಿಯಿಂದ ಮೆತ್ತಗೆ ಮಾಡಿಕೊಟ್ಟಳು, ಕೈಸಾ ಕೆರೆದು ಟರ್ಪೆಂಟೈನಿನಲ್ಲಿ ಒರೆಸಿದಳು. ಉದ್ದಕ್ಕೂ ಬೈಗುಳ. "ಅಡ್ಡಡ್ಡ ಒರೆಸಬೇಡ. ಮೂಲೆ ಬಿಟ್ಟೆ. ಪಾತ್ರೆ ತೊಳೆಯೋದೂ ಹೀಗೇನಾ ನೀನು? ಪಾಪ ಎರೊ." ಕೈಸಾಳಿಗೂ ಸಾಕಾಗಿ ಹೋಯಿತು. "ನಿಮಗೆ ಕಾಣದೆ ಇರೋ ಮೂಲೆ ಬಗ್ಗೆ ನನಗೆ ಪಾಠ ಮಾಡ್ತೀರಲ್ಲ," ಎಂದುಬಿಟ್ಟಳು. ಎಲ್ಮಾ ಇಸ್ತ್ರಿ ಹಿಡಿದ ಕೈ ನಿಲ್ಲಿಸಿ ಅವಳತ್ತ ನೋಡಿದಳು. ಮೊದಲ ಸಲ ಮನುಷ್ಯರನ್ನು ನೋಡುವ ಹಾಗೆ ನೋಡಿದಳು. "ಬಾಯಿ ಇದೆ ನಿಂಗೆ," ಎಂದಳು. ಆಮೇಲೆ ಬೈಯಲಿಲ್ಲ, ಮೂಲೆ ಎಲ್ಲಿದೆ ಎಂದು ಬೆರಳಲ್ಲಿ ತಡವಿ ತೋರಿಸಿದಳು.

ಮೇಣದಬತ್ತಿ ಉಜ್ಜಿ, ಇಸ್ತ್ರಿ ಎಳೆದು, ತಣಿಯಲು ಬಿಟ್ಟರು. ಕೈಸಾ ಒಂದು ಹಿಡಿ ಹಿಮ ತೆಗೆದು ಅಲಗಿಗೆ ಎಸೆದಳು. ಅದು ನಿಲ್ಲದೆ ಜಾರಿ ಕೆಳಗೆ ಬಿತ್ತು. ಇಲೋನಾ ಚಪ್ಪಾಳೆ ತಟ್ಟಿದಳು.

"ನಾಳೆ ಕಾಫಿಗೆ ಕೂತಾಗ ನಾನೇ ಎದ್ದು ಹೇಳ್ತೀನಿ," ಎಂದಳು ಕೈಸಾ. ಬೆಳಗಿನಿಂದ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು. "ತಪ್ಪು ನಂದು. ಬೇರೆ ಮೇಣ ತಂದುಕೊಟ್ಟೆ, ಅದಕ್ಕೇ ಹಾಗಾಯ್ತು. ಎಲ್ಮಾದು ಏನೂ ತಪ್ಪಿಲ್ಲ ಅಂತ. ಅತ್ತೆ ನನ್ನನ್ನ ಬೈಲಿ, ಪರವಾಗಿಲ್ಲ."

ಎಲ್ಮಾ ಇಸ್ತ್ರಿಪೆಟ್ಟಿಗೆಯನ್ನು ಹಿಮದಲ್ಲಿ ಇಟ್ಟಳು. ಅದು ಚುಸ್ಸೆಂದು ಒಂದು ಗೇಣು ಆಳಕ್ಕೆ ಇಳಿಯಿತು. ಇಲೋನಾಳನ್ನು ಸೌನಾದ ಒಲೆಗೆ ಎರಡು ಸೌದೆ ತರಲು ಕಳಿಸಿ, ಮಗು ದೂರ ಹೋಗುವ ತನಕ ಕಾದಳು.

"ಹಾಗೆ ಹೇಳಿದ್ರೆ ನಿಮ್ಮತ್ತೆ ಏನು ಕೇಳ್ತಾಳೆ ಹೇಳು? ಪಿತೊ ಅಂತ ಬರೆದಿತ್ತಲ್ಲ, ಎಲ್ಮಾ ಯಾಕೆ ಓದಲಿಲ್ಲ ಅಂತ ಕೇಳ್ತಾಳೆ. ಅಲ್ಲಿಗೆ ಮುಗೀತು. ನೋಡು, ಕೆಟ್ಟೋಳನ್ನ ಈ ಗುಡ್ಡ ಒಂಬತ್ತು ವರ್ಷ ಇಟ್ಕೊಂಡಿದೆ. ಕಣ್ಣಿಲ್ಲದೋಳನ್ನ ಒಂದು ದಿನ ಇಟ್ಕೊಳ್ಳಲ್ಲ."

"ಮತ್ತೆ ಏನಂತ ಹೇಳಲಿ?"

"ನಾನು ಯಾರ ಹತ್ರಾನೂ ಏನೂ ಕೇಳಿದೋಳಲ್ಲ. ನಿನ್ನ ಹತ್ರ ಕೇಳ್ತಿದೀನಿ." ಎಲ್ಮಾ ಕೋಟಿನ ಗುಂಡಿಗಳನ್ನು ಮೇಲಿನ ತನಕ ಹಾಕಿಕೊಂಡಳು. "ನಾಳೆ ಎಲ್ಲರ ಮುಂದೆ ಎದ್ದು ನಿಂತು ಹೇಳು: ಕಿಟಕಿಯಿಂದ ಕಣ್ಣಾರೆ ನೋಡ್ದೆ, ಎಲ್ಮಾ ಆ ಜಗಲಿಗೆ ಬೇಕಂತಲೇ ಗುದ್ದಿದ್ಲು, ಅಂತ. ಹಿಲ್ಯಾ ತಕ್ಷಣ ನಂಬ್ತಾಳೆ. ಜಗಲಿ ಕಟ್ಟಿಕೊಡು ಅಂತಾರೆ, ಕಟ್ಟಿಕೊಡ್ತೀನಿ, ಮೊಳೆ ನೇರವಾಗಿ ಹೊಡೆದು. ಮಿಕ್ಕಿದ ಮನೆಗಳಿಗೂ ಜಗಲಿ ಇದೆ, ಪೇಟೆಯೋನನ್ನ ಕರೆಸೋಕೆ ಮುಂಚೆ ಅವರೂ ಸ್ವಲ್ಪ ಯೋಚನೆ ಮಾಡ್ತಾರೆ. ಇದೊಂದು ಉಪಕಾರ ಮಾಡು."